ಮೂರನೇ ಸಲದ ಸಾಕು

ವಿಜಯಪುರದ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದ ಶಿವಯೋಗೆಪ್ಪ ನಿವೃತ್ತನಾದ ದಿನ ಎರಡು ವಸ್ತುಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಒಂದು ಮೈಕು, ಇನ್ನೊಂದು ಕುರ್ಚಿ. ಮೈಕು ಹೋದದ್ದಕ್ಕೆ ಅವನಿಗೇನೂ ತೊಂದರೆಯಾಗಲಿಲ್ಲ, ಏಕೆಂದರೆ ಅವನ ದನಿಗೆ ಮೈಕಿನ ಹಂಗು ಮೊದಲಿನಿಂದಲೂ ಇರಲಿಲ್ಲ. ಆದರೆ ಆ ಕುರ್ಚಿಗೆ ಎರಡು ತೋಳುಗಳಿದ್ದವು. ತೋಳಿಲ್ಲದ ಕುರ್ಚಿಯಲ್ಲಿ ಕೂತವನ ಮಾತನ್ನು ಲೋಕ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ಶಿವಯೋಗೆಪ್ಪನ ಸಿದ್ಧಾಂತ. ನಿವೃತ್ತಿಯ ನಂತರದ ಎರಡು ವರ್ಷ ಈ ಸಿದ್ಧಾಂತವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಿದ್ದವು.

ಬಬಲೇಶ್ವರದ ಅವನ ಮನೆಯಲ್ಲಿ ತೋಳಿರುವ ಕುರ್ಚಿ ಇರಲಿಲ್ಲವೆಂದಲ್ಲ. ಇತ್ತು. ಅದರಲ್ಲಿ ಅವನ ಹೆಂಡತಿ ಕಾಶಿಬಾಯಿ ಕೂರುತ್ತಿದ್ದಳು. ಮನೆಯ ಪಡಸಾಲೆಯಲ್ಲಿ ಅವಳ ಖಡಕ್ ರೊಟ್ಟಿ ಕೇಂದ್ರ. ಆರು ಒಲೆ, ಆರು ಹೆಂಗಸರು, ಮುಂಜಾನೆಯಿಂದ ಸಂಜೆಯವರೆಗೆ ಜೋಳದ ರೊಟ್ಟಿ ಬಡಿಯುವ ಸದ್ದು. ಬಡಿದು, ಬೇಯಿಸಿ, ಗರಿಗರಿಯಾಗುವಂತೆ ಒಣಗಿಸಿ ಬುಟ್ಟಿಯಲ್ಲಿ ಜೋಡಿಸಿಟ್ಟರೆ ಆ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಕಾಶಿಬಾಯಿ ಆ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವಳು, ಯಾವುದನ್ನೂ ಬರೆದುಕೊಳ್ಳುವವಳಲ್ಲ, ಯಾವುದನ್ನೂ ಮರೆಯುವವಳೂ ಅಲ್ಲ. ಶಿವಯೋಗೆಪ್ಪನ ಪಾಲಿಗೆ ಬಂದಿದ್ದ ಹುದ್ದೆಯೆಂದರೆ ಜೋಳದ ಚೀಲ ಹೊತ್ತು ಗಿರಣಿಗೆ ಹೋಗುವುದು, ಪಾಳಿ ಬರುವವರೆಗೆ ಅಲ್ಲಿನ ಮರದ ಬಾಕಿನ ಮೇಲೆ ಕೂರುವುದು, ಹಿಟ್ಟು ತರುವುದು. ಗಿರಣಿಯ ಬಾಕಿಗೆ ತೋಳಿರಲಿ, ಒಂದು ಕಾಲೂ ನೆಟ್ಟಗಿರಲಿಲ್ಲ.

ಹೀಗಿರುವಾಗ ಒಂದು ದಿನ ಅವನು ಪಿಂಚಣಿಯ ಕಾಗದದ ಝೆರಾಕ್ಸ್ ಮಾಡಿಸಲು ವಿಜಯಪುರಕ್ಕೆ ಹೋದ. ಅಲ್ಲಿ ಮಣ್ಣಿನ ಗಡಿಗೆಯ ನೀರು ಕುಡಿದು ಬೆಳೆದವನಂತೆ ಸದಾ ತಣ್ಣಗಿರುವ ಅತೀಕ ಎಂಬ ತರುಣ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಝೆರಾಕ್ಸ್ ಆಗುವಷ್ಟರಲ್ಲಿ ಅವನು ಶಿವಯೋಗೆಪ್ಪನಿಗೆ ಹೊಸ ಲೋಕವೊಂದನ್ನೇ ತೋರಿಸಿಬಿಟ್ಟ.

“ನೋಡ್ರಿ ಕಾಕಾ, ನಿಮ್ಮ ರೊಟ್ಟಿಗಿ ಒಂದು ವೆಬ್‌ಸೈಟ್ ಮಾಡಿ, ಅದರಾಗ ಒಂದು ಫಾರ್ಮ್ ಇಡ್ತೇನಿ. ಗಿರಾಕಿ ಅದರಾಗ ಹೆಸರು, ಫೋನ್ ನಂಬರ್, ಎಷ್ಟು ರೊಟ್ಟಿ ಅಂತ ತುಂಬತಾನ. ನಡುವ ಒಂದು ಕಂಪನಿ ಐತಿ, ಅದು ಆ ಮಾಹಿತಿ ತಾನ ಎತ್ತಿಕೊಂಡು ಒಂದು ಪಟ್ಟಿಗಿ ಹಾಕತೈತಿ. ಪಟ್ಟಿಯಿಂದ ಗಿರಾಕಿಗಿ ವಾಟ್ಸಾಪ್ ಹೊಕ್ಕೈತಿ. ಗಿರಾಕಿ ಉತ್ರ ಕೊಟ್ರ ಮತ್ತ ಪಟ್ಟಿಗಿ ಬರ್ತೈತಿ. ನಡುವ ಯಾರೂ ಕೈ ಹಚ್ಚೂ ಕೆಲಸ ಇಲ್ಲ.”

ಶಿವಯೋಗೆಪ್ಪ ಕಣ್ಣು ಮುಚ್ಚಿ ಯೋಚಿಸಿದ. ಅವನು ಲೋಕದ ಯಾವ ಸಂಗತಿಯನ್ನಾದರೂ ಬಸ್ಸಿಗೆ ಹೊಂದಿಸಿಕೊಂಡೇ ಅರ್ಥ ಮಾಡಿಕೊಳ್ಳುವವನು.

“ಅಂದ್ರ ಮಮದಾಪುರದ ಪ್ರಯಾಣಿಕ ಬಬಲೇಶ್ವರಕ್ಕ ಇಳಿದ, ಅಲ್ಲೆ ವಿಜಯಪುರದ ಗಾಡಿ ನಿಂತಿತ್ತು, ಹತ್ತಿದ. ಕಂಟ್ರೋಲರ್ ಏನೂ ಕೂಗಲಿಲ್ಲ.”

“ಹೌದ್ರಿ ಕಾಕಾ, ಅದ ಇದು. ಹೋದ ತಿಂಗಳ ತಿಕೋಟಾದ ಒಂದು ಒಣದ್ರಾಕ್ಷಿ ಅಂಗಡಿಗೂ ಹಚ್ಚಿಕೊಟ್ಟೇನಿ. ಭಾಳ ಛಲೋ ನಡದೈತಿ.”

“ಆದ್ರ ಕಂಟ್ರೋಲರ್ ಬೇಕಲ್ಲ, ಕುರ್ಚಿ ಮ್ಯಾಲ ಕುಂತು ನೋಡಾಕ?”

“ಬೇಕಂದ್ರ ಕುಂಡರಬಹುದ್ರಿ” ಎಂದ ಅತೀಕ. ಈ ಒಂದು ಮಾತು ಸಾಕಾಯಿತು.

ವೆಬ್‌ಸೈಟ್ ಮುಗಿಯುವ ಹೊತ್ತಿಗೆ ಶಿವಯೋಗೆಪ್ಪ ಒಂದು ತಕರಾರು ತೆಗೆದ. ಗಿರಾಕಿ ನೂರು ಎಂದರೆ ಮಷಿನ್ ನೂರೇ ಬರೆದುಕೊಳ್ಳುತ್ತಿತ್ತು. ಇದು ಅವನಿಗೆ ಸೇರಲಿಲ್ಲ. ಕಾಶಿಬಾಯಿ ಎಂದಾದರೂ ನೂರು ಎಂದವರಿಗೆ ನೂರು ಕೊಟ್ಟಿದ್ದಳೇ? “ಇನ್ನೊಂದಿಪ್ಪತ್ತು ಇರ್ಲಿ ತಗೋರಿ, ಬೀಗರು ಬರೂ ಮನಿ” ಎನ್ನುವಳು. ಅವರು “ಸಾಕವ್ವ” ಎನ್ನುವರು. ಇವಳು ಮತ್ತೆ ಹೇಳುವಳು. ಅವರು ಮತ್ತೆ “ಸಾಕು” ಎನ್ನುವರು. ಮೂರನೇ ಸಲ ಕೇಳಿದಾಗಲೂ ಸಾಕು ಎಂದರೆ ಮಾತ್ರ ಅದು ನಿಜವಾದ ಸಾಕು. ಊಟಕ್ಕೆ ಕೂತವರಿಗೆ ಬಡಿಸುವಾಗಲೂ ಇದೇ ಕಾಯಿದೆ. ಒಮ್ಮೆ ಕೇಳಿ, ಒಲ್ಲೆ ಎಂದ ಕೂಡಲೇ ಪಾತ್ರೆ ಹೊತ್ತು ಮುಂದೆ ಹೋದವರ ಮನೆಗೆ ಈ ಸೀಮೆಯಲ್ಲಿ ಯಾರೂ ಎರಡನೇ ಸಲ ಉಣ್ಣಲು ಹೋಗುವುದಿಲ್ಲ.

“ಕಾಕಾ, ಮಷಿನಿಗಿ ಒತ್ತಾಯ ಮಾಡಾಕ ಕಲಸಬಾರದ್ರಿ” ಎಂದ ಅತೀಕ.

“ಯಾಕ? ನಮ್ಮ ಮನಿ ಮಷಿನ್ ಐತಿ. ನಮ್ಮ ಮನಿ ರೀತಿ ಕಲೀಲಿ.”

“ಗಿರಾಕಿ ಸಾಕು ಅಂದ್ರ?”

“ಮೊದಲನೇ ಸಾಕು ನಾಚಿಕಿದು. ಎರಡನೇದು ಮರ್ಯಾದಿದು. ಮೂರನೇದು ಖರೇದು. ಅಲ್ಲೀತನಕ ಕೇಳ್ತಿರಲಿ.”

“ಸಾಕು ಅನ್ನದ ಬ್ಯಾರೆ ಏನರ ಅಂದ್ರ?”

“ಸಾಕು ಅಂದಿಲ್ಲ ಅಂದ್ರ ಬೇಕು ಅಂತನ ಅರ್ಥ. ಇಪ್ಪತ್ತು ಹಾಕಿ ಮತ್ತ ಕೇಳೂದು.”

ಅತೀಕ ತಲೆ ಕೆರೆದುಕೊಂಡ. ಆದರೆ ಹಿರಿಯರ ಮಾತು, ಮೇಲಾಗಿ ಗಿರಾಕಿಯ ಮಾತು. ಹಾಗೇ ಹಚ್ಚಿಕೊಟ್ಟ.

ಕಾಶಿಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಮರುದಿನ ಬುಧವಾರ ಅವಳು ಮಮದಾಪುರಕ್ಕೆ ಹೊರಟಿದ್ದಳು. ತಂಗಿಯ ಮಗಳಿಗೆ ಕುಬಸ, ಅಂದರೆ ಸೀಮಂತದ ಕಾರ್ಯ, ಬರುವುದು ಶನಿವಾರ. ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದಳು.

“ನಾ ಬರೂತನಕ ಕುರ್ಚಿ ನಿಮ್ದು. ನಿಮ್ಮ ಮಷಿನ್ ನೆಟ್ಟಗ ನಡೀತು ಅಂದ್ರ ಮುಂದನೂ ನಿಮ್ದ. ಗದ್ದಲ ಆತು ಅಂದ್ರ ಗಿರಣಿ ಐತಿ, ಚೀಲ ಐತಿ.”

ಬಸ್ಸು ಮರೆಯಾಗುವುದರೊಳಗೆ ಶಿವಯೋಗೆಪ್ಪ ಕುರ್ಚಿಯಲ್ಲಿದ್ದ. ಎರಡೂ ತೋಳುಗಳ ಮೇಲೆ ಎರಡೂ ಕೈಯಿಟ್ಟು, ಎದುರಿಗೆ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿಕೊಂಡು, ಆರೂ ಒಲೆಗಳನ್ನು ನೋಡಿದ. ಎರಡು ವರ್ಷದ ನಂತರ ಅವನ ಬೆನ್ನು ನೆಟ್ಟಗಾಯಿತು.

ಮೊದಲನೇ ಒಲೆಯ ಮುಂದೆ ಹನಮವ್ವ ಇದ್ದಳು. ಅರವತ್ತೈದು ವರ್ಷದ ಮುದುಕಿ, ಕೇಂದ್ರದ ಹಿರಿಯಳು. ಅವಳ ಕೈಯ ರೊಟ್ಟಿ ಎಷ್ಟು ತೆಳ್ಳಗೋ ಅವಳ ಮಾತು ಅಷ್ಟು ದಪ್ಪ.

“ಯಪ್ಪಾ, ಕುರ್ಚಿ ಹಿಡಿದು ಕುಂತೀರಿ, ಓಡಿ ಹೊಕ್ಕೈತೇನು?” ಎಂದಳು.

ಉತ್ತರ ಕೊಡುವಷ್ಟರಲ್ಲಿ ಮೊಬೈಲು ಟಿಣ್ ಎಂದಿತು. ಪಟ್ಟಿಯಲ್ಲಿ ಹೊಸ ಸಾಲು ಬಂದಿತ್ತು: ಜಾಹೀದ, ತಿಕೋಟಾ, ಇನ್ನೂರು ರೊಟ್ಟಿ, ಶನಿವಾರಕ್ಕೆ ಮುಟ್ಟಬೇಕು. ಶಿವಯೋಗೆಪ್ಪ ಎದ್ದುನಿಂತು ಗಂಟಲು ಸರಿಮಾಡಿಕೊಂಡ.

“ಗಮನಿಸಿ. ತಿಕೋಟಾಕ್ಕೆ ಹೊರಡುವ ರೊಟ್ಟಿಗಳ ಸಂಖ್ಯೆ ಇನ್ನೂರು.”

ನಾಲ್ಕು ಮನೆಯಾಚೆ ಕಟ್ಟೆಯ ಮೇಲೆ ನಿದ್ದೆ ಮಾಡುತ್ತಿದ್ದವನೊಬ್ಬ ದಡಬಡಿಸಿ ಎದ್ದು ಚೀಲ ಹುಡುಕಿದನಂತೆ.

ಹತ್ತು ನಿಮಿಷಕ್ಕೆ ಮತ್ತೆ ಟಿಣ್. ಇನ್ನೂರು ಎಂಬುದು ಇನ್ನೂರಾ ಇಪ್ಪತ್ತಾಗಿತ್ತು. ಇನ್ನೂ ಹತ್ತು ನಿಮಿಷಕ್ಕೆ ಇನ್ನೂರಾ ನಲವತ್ತು. ಶಿವಯೋಗೆಪ್ಪನ ಎದೆ ಉಬ್ಬಿತು. ಅವನ ಮಷಿನ್ ಕೇಳುತ್ತಿತ್ತು, ತಿಕೋಟಾದ ಮನುಷ್ಯ ಹೂಂ ಅನ್ನುತ್ತಿದ್ದ. ಎಷ್ಟು ಒತ್ತಾಯ, ಎಷ್ಟು ದೊಡ್ಡ ಮನಸ್ಸು. ಸಂಜೆ ಕೇಂದ್ರ ಮುಚ್ಚುವ ಹೊತ್ತಿಗೆ ಸಾವಿರದ ಮುನ್ನೂರು ದಾಟಿತ್ತು. ಬೆಳಗಿನವರೆಗೂ ಮಷಿನ್ ತನ್ನ ಪಾಡಿಗೆ ಕೇಳುತ್ತಲೇ ಇತ್ತು, ಮನುಷ್ಯರಂತೆ ಅದಕ್ಕೆ ದಣಿವಿಲ್ಲ ನೋಡಿ. ಗುರುವಾರ ಮುಂಜಾನೆ ಶಿವಯೋಗೆಪ್ಪ ಹಲ್ಲುಜ್ಜುತ್ತ ಮೊಬೈಲು ನೋಡಿದಾಗ ಅಂಕಿ ಮೂರು ಸಾವಿರಕ್ಕೆ ಬಂದು ನಿಂತಿತ್ತು. ನಿಂತದ್ದೇಕೆಂದರೆ ಆ ಹೊತ್ತಿಗೆ ತಿಕೋಟಾದಲ್ಲಿ ಕರೆಂಟು ಹೋಗಿತ್ತು. ಈ ಇಡೀ ಪ್ರಕರಣದಲ್ಲಿ ಸಮಯಪ್ರಜ್ಞೆ ತೋರಿಸಿದ್ದು ಆ ಕರೆಂಟೊಂದೇ. ಆದರೆ ಅದು ಶಿವಯೋಗೆಪ್ಪನಿಗೆ ಗೊತ್ತಿರಲಿಲ್ಲ.

“ಮೂರು ಸಾವಿರಾ?” ಹನಮವ್ವ ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದಳು. “ಅವನ ಮನ್ಯಾಗ ಏನು ದಂಡು ಇಳಿದೈತೇನು? ಒಂದು ಫೋನ್ ಹಚ್ಚಿ ಕೇಳ್ರಲ್ಲ.”

ಇಲ್ಲಿ ಶಿವಯೋಗೆಪ್ಪ ಫೋನ್ ಹಚ್ಚಿದ್ದರೆ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತು. ಬೆರಳು ಮೊಬೈಲಿನವರೆಗೂ ಹೋಗಿತ್ತು. ಆದರೆ ಅವನ ಕಣ್ಣಿಗೆ ಕಾಶಿಬಾಯಿಯ ಮುಖ ಬಂತು. ಫೋನ್ ಹಚ್ಚಿ ಕೇಳುವುದಾದರೆ ಮಷಿನ್ ಯಾಕೆ ಬೇಕಿತ್ತು ಎಂದು ಅವಳು ಕೇಳದೇ ಇರುತ್ತಾಳೆಯೇ? ಕುರ್ಚಿಯ ತೋಳನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ.

“ಚಾರ್ಟಿನಾಗ ಬರದದ್ದನ್ನ ಡ್ರೈವರ್‌ಗೆ ಫೋನ್ ಮಾಡಿ ಖರೇ ಏನಪಾ ಅಂತ ಯಾವ ಕಂಟ್ರೋಲರೂ ಕೇಳೂದಿಲ್ಲ. ಬಡೀರಿ ರೊಟ್ಟಿ.”

“ಆರು ಮಂದಿ ಶನಿವಾರದೊಳಗ ಮೂರು ಸಾವಿರ? ಉಳಿದ ಗಿರಾಕಿ ರೊಟ್ಟಿನೂ ಅದಾವು. ನನ್ನ ಕೈ ಕಳಚಿ ಬುಟ್ಟ್ಯಾಗ ಬೀಳತಾವ ನೋಡ್ರಿ.”

“ಹೆಚ್ಚಿನ ಗಾಡಿ ಬಿಡೂಣ” ಎಂದ ಶಿವಯೋಗೆಪ್ಪ, ಯುಗಾದಿ ಹಬ್ಬದ ಗದ್ದಲವನ್ನು ನಿಭಾಯಿಸಿದವನ ಗತ್ತಿನಲ್ಲಿ.

ಅವನು ಓಣಿಯ ನಡುವೆ ನಿಂತು ಒಂದೇ ಒಂದು ಪ್ರಕಟಣೆ ಕೊಟ್ಟ. ಗುರುವಾರ ಮಧ್ಯಾಹ್ನಕ್ಕೆ ಇಪ್ಪತ್ತು ಹೆಂಗಸರು ಬಂದರು, ಶುಕ್ರವಾರ ಮುಂಜಾನೆಗೆ ನಲವತ್ತು. ಪಡಸಾಲೆ ತುಂಬಿ ಒಲೆಗಳು ಓಣಿಗಿಳಿದವು. ಎರಡೂ ಬದಿಗೆ ಸಾಲಾಗಿ ಹಂಚು, ನಡುವೆ ಹೊಗೆ, ಹೊಗೆಯ ನಡುವೆ ಶಿವಯೋಗೆಪ್ಪ. ಇವನ ಮನೆಯ ಜೋಳ ಮುಗಿದು ಸಾರವಾಡದಿಂದ ಟ್ರ್ಯಾಕ್ಟರಿನಲ್ಲಿ ಚೀಲ ಬಂದವು. ಗಿರಣಿಯವನು ತಾನೇ ಹಿಟ್ಟು ಹೊತ್ತು ತಂದು, “ಎಲ್ಲಿ ಇಳಿಸಲಿರಿ?” ಎಂದು ಕೇಳಿದ. ಆ ಪ್ರಶ್ನೆಯ ಕೊನೆಯಲ್ಲಿದ್ದ “ರಿ” ಶಿವಯೋಗೆಪ್ಪನ ಕಿವಿಯಲ್ಲಿ ಬಹಳ ಹೊತ್ತು ಉಳಿಯಿತು.

ಇಂಥ ಸಂಭ್ರಮ ಪಂಚಾಯಿತಿಯ ಕಣ್ಣಿಗೆ ಬೀಳದೇ ಇರುತ್ತದೆಯೇ? ಶುಕ್ರವಾರ ಹನ್ನೊಂದಕ್ಕೆ ಅಲ್ಲಿನ ನೌಕರ ಮರೆಪ್ಪ ಬಂದ. ಜೀವನದಲ್ಲಿ ಅವನು ಹೆದರುತ್ತಿದ್ದದ್ದು ಒಂದಕ್ಕೇ. ತನಗೆ ಗೊತ್ತಿಲ್ಲದಂತೆ ಯಾರಾದರೂ ದೊಡ್ಡವರು ಊರಿಗೆ ಬಂದು ಹೋಗುವುದು.

“ಏನ್ರಿ ಇದು ಕಾರ್ಯಕ್ರಮ?”

“ಮೂರು ಸಾವಿರ ರೊಟ್ಟಿ” ಎಂದ ಶಿವಯೋಗೆಪ್ಪ.

“ಮೂರು ಸಾವಿರ ಮಂದಿಗೇನು?”

“ಮಂದಿ ಎಷ್ಟಂತ ಫಾರ್ಮಿನಾಗ ಕಾಲಂ ಇಲ್ಲ.”

ಮರೆಪ್ಪನ ಮುಖ ಇಳಿಯಿತು. “ಯಾರು ಬರಾಕತ್ತಾರ್ರಿ?”

“ಅದನ್ನ ಹೇಳೂ ಅಧಿಕಾರ ನಂಗಿಲ್ಲ” ಎಂದ ಶಿವಯೋಗೆಪ್ಪ. ಯಾರು ಬರುತ್ತಾರೋ ಅವನಿಗೂ ಗೊತ್ತಿರಲಿಲ್ಲವಾದ್ದರಿಂದ ಇದು ಅಕ್ಷರಶಃ ಸತ್ಯವೇ.

“ನಮಗ ಸುತ್ತೋಲೆ ಬಂದಿಲ್ಲಲ್ರಿ” ಎಂದು ಮರೆಪ್ಪ ಮೆಲ್ಲಗೆ ಹೇಳಿದ.

“ಎಲ್ಲಾ ಆನ್‌ಲೈನ್ ಆಗೇತಿ.”

ಮರೆಪ್ಪ ಹೆಚ್ಚು ಮಾತಾಡದೆ ಓಡಿದ. ಮಧ್ಯಾಹ್ನ ಮೂರಕ್ಕೆ ಓಣಿ ಗುಡಿಸಿ ಹಸನಾಯಿತು. ನಾಲ್ಕಕ್ಕೆ ಎರಡೂ ಗಟಾರದ ಅಂಚಿಗೆ ಬಿಳಿ ಪುಡಿ ಬಿತ್ತು. ಆರು ವರ್ಷದಿಂದ ಉರಿಯದಿದ್ದ ಬೀದಿದೀಪಕ್ಕೆ ಹೊಸ ಬಲ್ಬು ಬಂತು. ಕೆಲಸ ಮುಗಿಸಿ ಮರೆಪ್ಪ ಬಂದು, ಅವರು ಯಾರೇ ಬಂದರೂ ತನ್ನ ಹೆಸರನ್ನು ಒಂದು ಮಾತು ಹೇಳಬೇಕೆಂದು ಶಿವಯೋಗೆಪ್ಪನಲ್ಲಿ ಬೇಡಿಕೊಂಡ. ಕುರ್ಚಿಯಲ್ಲಿ ಕೂತಿದ್ದ ಶಿವಯೋಗೆಪ್ಪ “ನೋಡೂಣ” ಎಂದ. ಹನಮವ್ವ ಒಲೆಗೆ ಕಟ್ಟಿಗೆ ತುರುಕುತ್ತ, “ಶಿವನ, ಕಾಶಕ್ಕ ಬರೂ ಮೊದಲ ನನ್ನ ಕಣ್ಣು ಮುಚ್ಚಿಸಿಬಿಡಪಾ” ಎಂದಳು.

ಶನಿವಾರ ಮುಂಜಾನೆ ಮೂರು ಸಾವಿರ ರೊಟ್ಟಿಗಳನ್ನು ಹೊತ್ತ ಗಾಡಿ ತಿಕೋಟಾಕ್ಕೆ ಹೊರಟಿತು. ಗಾಡಿ ಹೊಡೆಯುವವನು ಕಾಶಿಬಾಯಿಯ ತಮ್ಮ ಸಂಗು. ತಗ್ಗುದಿನ್ನೆಯ ರಸ್ತೆಯಲ್ಲಿ ರೊಟ್ಟಿ ಮುರಿಯಬಾರದೆಂದು ಶಿವಯೋಗೆಪ್ಪ ಅವನಿಗೆ ಎತ್ತಿನ ಗಾಡಿಯ ವೇಗದಲ್ಲಿ ಹೋಗಲು ಹೇಳಿದ್ದ.

“ಮಾಮಾ, ಒಂದ ಮನಿಗಿ ಮೂರು ಸಾವಿರ ರೊಟ್ಟಿ ನಾ ಜಲ್ಮದಾಗ ಒಯ್ದಿಲ್ಲ. ಅಕ್ಕಗರ ಹೇಳೀರಿಲ್ಲೋ?”

“ಹೇಳಿದ್ರ ಗಮ್ಮತ್ತೇನು ಉಳೀತು. ಬಂದು ನೋಡಲಿ.”

ದ್ರಾಕ್ಷಿತೋಟಗಳ ನಡುವೆ ಗಾಡಿ ತೂಗುತ್ತ ಸಾಗಿತು. ಶಿವಯೋಗೆಪ್ಪ ಮನಸ್ಸಿನಲ್ಲೇ ಕುರ್ಚಿಗೆ ಒಂದು ಹೊಸ ದಿಂಬು ಹಾಕಿಸಿದ, ಪಕ್ಕದಲ್ಲೊಂದು ಫ್ಯಾನು ಇಡಿಸಿದ, ಗೋಡೆಗೆ “ವ್ಯವಸ್ಥಾಪಕರು” ಎಂಬ ಫಲಕ ಬಡಿಸಿದ.

ಜಾಹೀದನ ಮನೆ ತಿಕೋಟಾದ ಒಣದ್ರಾಕ್ಷಿ ಅಂಗಡಿಗಳ ಸಾಲಿನಲ್ಲಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಮರುದಿನ ಅವನ ತಂಗಿ ಸೈಮಾಳ ನಿಶ್ಚಿತಾರ್ಥ. ಜಾಹೀದ ಬಾಗಿಲಿಗೆ ಬಂದು ಗಾಡಿ ನೋಡಿದ, ಗಾಡಿಯ ಹಿಂದೆ ಹೋಗಿ ನೋಡಿದ, ಮತ್ತೆ ಮುಂದೆ ಬಂದ.

“ಕಾಕಾ, ಇದರಾಗ ನಮ್ಮವು ಯಾವು?”

“ಎಲ್ಲಾ ನಿಮ್ಮವ.”

“ನಾ ಇನ್ನೂರು ಹೇಳಿದ್ದೆ.”

“ಮೊದಲು ಇನ್ನೂರು ಅಂದ್ರಿ. ಆಮ್ಯಾಲ ನಾವು ಕೇಳಕೋತ ಹೋದಿವಿ, ನೀವು ಹೂಂ ಅನಕೋತ ಹೋದಿರಿ.”

“ನಾ ಯಾವಾಗ ಹೂಂ ಅಂದೇನಿ? ಫಾರ್ಮ್ ತುಂಬಿದ ಮ್ಯಾಲ ನಾ ನಿಶ್ಚಿತಾರ್ಥದ ಗದ್ದಲದಾಗ ಮೂರು ದಿನ ಅಂಗಡಿ ಫೋನ್ ಮುಟ್ಟಿಲ್ಲ.”

ಶಿವಯೋಗೆಪ್ಪ ಮೊಬೈಲು ತೆಗೆದ. ಪಟ್ಟಿಯನ್ನಷ್ಟೇ ನೋಡುತ್ತಿದ್ದ ಅವನು ಸಂದೇಶಗಳನ್ನು ಬಿಚ್ಚಿ ಓದಿದ್ದು ಅದೇ ಮೊದಲು. ಅವನ ಮಷಿನ್ ಕೇಳಿತ್ತು: “ಇನ್ನೊಂದಿಪ್ಪತ್ತು ಇರಲಿ, ತಗೋರಿ.” ಉತ್ತರ ಬಂದಿತ್ತು: “ನಮಸ್ಕಾರ. ನೀವು ನೆನೆಸಿದ್ದು ಬಹಳ ಸಂತೋಷ. ಅರ್ಧ ಕಿಲೋ ಒಣದ್ರಾಕ್ಷಿ ಮಾದರಿ ಕಳಿಸುತ್ತಿದ್ದೇವೆ.” ಅವನ ಮಷಿನ್ ಸಾಕು ಎಂಬ ಪದವನ್ನು ಹುಡುಕಿತ್ತು. ಅದು ಸಿಗದ್ದರಿಂದ ಇಪ್ಪತ್ತು ಸೇರಿಸಿ ಮತ್ತೆ ಕೇಳಿತ್ತು. ಮತ್ತೆ ಬಹಳ ಸಂತೋಷ. ಮತ್ತೆ ಅರ್ಧ ಕಿಲೋ. ಹೀಗೆ ನೂರಾ ನಲವತ್ತು ಸಲ, ಕರೆಂಟು ಹೋಗಿ ಉತ್ತರ ನಿಲ್ಲುವವರೆಗೆ.

ಜಾಹೀದ ಹಣೆ ಹಿಡಿದುಕೊಂಡ. “ಇದು ಅತೀಕ ಹಚ್ಚಿಕೊಟ್ಟದ್ದು ಕಾಕಾ. ನಮ್ಮ ಧಂದಾದಾಗ ಕೇಳಾಕ ಬಂದವರನ್ನ ಬರೀ ಕೈಲೆ ಕಳಸೂದಿಲ್ಲ, ಬಾಯಿಗಿ ನಾಲ್ಕು ದ್ರಾಕ್ಷಿ ಹಾಕೇ ಕಳಸೂದು. ಅದಕ್ಕ ಯಾರ ಮೆಸೇಜ್ ಬಂದ್ರೂ ಒಂದು ಪಾಕೀಟು ಬರಕೋ ಅಂತ ನಾನ ಹೇಳಿದ್ದೆ.”

ಒಂದು ಒತ್ತಾಯ ಮಾಡುವುದನ್ನು ಬಿಡದ ಮಷಿನ್, ಇನ್ನೊಂದು ಒಲ್ಲೆ ಎನ್ನಲು ಬಾರದ ಮಷಿನ್. ಎರಡೂ ತಮ್ಮ ತಮ್ಮ ಮನೆಯ ಮರ್ಯಾದೆ ಕಾಯುತ್ತ ಒಂದು ಹಗಲು ಒಂದು ರಾತ್ರಿ ಪರಸ್ಪರ ಉಪಚರಿಸಿಕೊಂಡಿದ್ದವು.

“ಅಂದ್ರ ನೀವು ನಮಗ ದ್ರಾಕ್ಷಿ...” ಎಂದ ಶಿವಯೋಗೆಪ್ಪ. ಅವನ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು.

“ನೂರಾ ನಲವತ್ತು ಪಾಕೀಟು. ಎಪ್ಪತ್ತು ಕಿಲೋ. ಬೆಳಿಗ್ಗೆ ಗಾಡಿ ಹೋಗೇತಿ. ಬಬಲೇಶ್ವರದಾಗ ಏನೋ ದೊಡ್ಡ ಕಾರ್ಯ ಐತಿ ಅಂತ ಅಂಗಡ್ಯಾಗಿನವರು ಮಾತಾಡಾಕತ್ತಿದ್ರು.”

ಅಷ್ಟರಲ್ಲಿ ಫೋನು ಬಂತು. ಕಾಶಿಬಾಯಿ.

“ಎಲ್ಲಿದ್ದೀರಿ? ನಾ ಮನಿಗಿ ಬಂದೇನಿ. ಮನಿ ನನ್ನದ ಹೌದೋ ಅಲ್ಲೋ ಗೊತ್ತಾಗವಲ್ದು. ಓಣಿ ತುಂಬ ಬಿಳಿ ಪುಡಿ ಐತಿ. ಕಟ್ಟಿ ಮ್ಯಾಲ ಎಪ್ಪತ್ತು ಕಿಲೋ ಒಣದ್ರಾಕ್ಷಿ ಕುಂತೈತಿ. ಮರೆಪ್ಪ ಹಾರ ಹಿಡಕೊಂಡು ಬಾಗಲದಾಗ ನಿಂತಿದ್ದ, ನಾ ಬಸ್ಸಿಳಿದು ಬಂದದ್ದಕ್ಕ ನನ್ನ ಕೊರಳಿಗೇ ಹಾಕ್ಯಾನ. ಏನು ಮಾಡೀರಿ ನೀವು?”

ಶಿವಯೋಗೆಪ್ಪನ ಕಣ್ಣಮುಂದೆ ದಿಂಬು ಹೋಯಿತು, ಫ್ಯಾನು ಹೋಯಿತು, ಫಲಕ ಕಳಚಿ ಬಿತ್ತು. ಉಳಿದದ್ದು ಗಿರಣಿಯ ಬಾಕು.

ಈ ಗದ್ದಲಕ್ಕೆ ಜಾಹೀದನ ತಂದೆ ಮಲಂಗಸಾಬರು ಮೆಟ್ಟಿಲಿಳಿದು ಬಂದರು. ಎಂಬತ್ತು ವರ್ಷದ ಹಿರಿಯರು, ಬಾಯಲ್ಲಿ ಉಳಿದಿದ್ದ ಹಲ್ಲು ನಾಲ್ಕೇ. ಆದರೂ ಅವರು ಗಾಡಿಯಿಂದ ಒಂದು ರೊಟ್ಟಿ ಎತ್ತಿ, ಬೆಳಕಿಗೆ ಹಿಡಿದು, ಮುರಿದು ಬಾಯಿಗೆ ಹಾಕಿಕೊಂಡರು. ನಡೆದದ್ದೆಲ್ಲವನ್ನೂ ಮಗ ಹೇಳಿದ.

“ರೊಟ್ಟಿ ಇಳಿಸ್ರಿ” ಎಂದರು ಮಲಂಗಸಾಬರು.

“ಬ್ಯಾಡ್ರಿ ಸಾಹೇಬ್ರ” ಎಂದ ಶಿವಯೋಗೆಪ್ಪ. “ತಪ್ಪು ನಮ್ದು. ಇನ್ನೂರು ಇಳಿಸಿ ಉಳಿದದ್ದು ನಾ ವಾಪಸ್ ಒಯ್ತೇನಿ.”

“ಬಾಗಲಕ್ಕ ಬಂದ ರೊಟ್ಟಿ ಈ ಮನಿಯಿಂದ ತಿರುಗಿ ಹೋಗಿಲ್ಲ. ಇಳಿಸ್ರಿ.”

“ಬ್ಯಾಡ್ರಿ, ಖರೇನ ಬ್ಯಾಡ್ರಿ.”

“ದ್ರಾಕ್ಷಿ ಒಣಸೂ ಶೆಡ್ಡಿನಾಗ ನೂರು ಮಂದಿ ಕೆಲಸಕ್ಕ ಅದಾರ. ಸುಗ್ಗಿ ಮುಗಿಯೂತನಕ ಉಣ್ತಾರ. ಖಡಕ್ ರೊಟ್ಟಿ ಎಲ್ಲಿ ಕೆಡತೈತಿ? ದ್ರಾಕ್ಷಿ ನಿಮಗಿರಲಿ, ರೊಟ್ಟಿ ನಮಗಿರಲಿ. ಇಳಿಸ್ರಿ.”

ಮೂರು ಸಲ ಆಗಿತ್ತು. ಶಿವಯೋಗೆಪ್ಪ ಗಾಡಿಯ ಹಗ್ಗ ಬಿಚ್ಚಿದ. ಸಂಗು ಬುಟ್ಟಿ ಇಳಿಸತೊಡಗಿದ. ಮುದುಕರು ಶಿವಯೋಗೆಪ್ಪನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮ ಮಷಿನ್ ಭಾಳ ಸುಸಂಸ್ಕೃತ ಐತಿ. ನನ್ನ ಸೊಸೀಗೂ ಒಂದು ಕೊಡಸ್ರಿ” ಎಂದರು. ಆ ಮಷಿನಿಗೆ ದೊರೆತ ಮೊದಲ ಮತ್ತು ಕೊನೆಯ ಪ್ರಶಸ್ತಿ ಅದು.

ಬಬಲೇಶ್ವರಕ್ಕೆ ಮರಳಿದಾಗ ಕಾಶಿಬಾಯಿ ಕುರ್ಚಿಯಲ್ಲಿರಲಿಲ್ಲ. ಕಟ್ಟೆಯ ಮೇಲೆ ನಿಂತು ರೊಟ್ಟಿ ಬಡಿದ ನಲವತ್ತಾರು ಹೆಂಗಸರಿಗೂ ಒಬ್ಬೊಬ್ಬಳನ್ನೇ ಕರೆದು ಕೂಲಿಯ ಜೊತೆಗೆ ದ್ರಾಕ್ಷಿ ಪಾಕೀಟು ಕೊಡುತ್ತಿದ್ದಳು. ಕೊರಳಲ್ಲಿ ಮರೆಪ್ಪನ ಹಾರ ಹಾಗೇ ಇತ್ತು. ಗಂಡನನ್ನು ನೋಡಿ ಮುಂದಿನವಳನ್ನು ಕರೆದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಶಿವಯೋಗೆಪ್ಪನಿಗೆ ಅನಿಸಿತು. ಆ ರಾತ್ರಿ ಊಟಕ್ಕೆ ಕೂತಾಗ ಅವಳು ಒಂದು ರೊಟ್ಟಿ ಬಡಿಸಿ, “ಇನ್ನೊಂದು?” ಎಂದಳು. ಅವನು ಕುರ್ಚಿಯ ಚಿಂತೆಯಲ್ಲಿ ಮೂರೂ ಸಲ “ಸಾಕು” ಎಂದ, ಮೂರನೆಯದು ಖರೆಯದೇ ಆಗಿತ್ತು.

ಸೋಮವಾರ ಮುಂಜಾನೆ ಕಾಶಿಬಾಯಿ ಅತೀಕನನ್ನು ವಿಜಯಪುರದಿಂದ ಕರೆಸಿದಳು. ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಆರೂ ಒಲೆ ಹೊತ್ತಿದ್ದವು. ತೋಳಿನ ಕುರ್ಚಿ ನಡುವೆ ಖಾಲಿಯಿತ್ತು, ಅದರ ಎಡಕ್ಕೆ ಜೋಳದ ಚೀಲ ಕಟ್ಟಿ ಇಟ್ಟಿತ್ತು. ಶಿವಯೋಗೆಪ್ಪ ಬಾಗಿಲ ಬಳಿ ನಿಂತು ಒಮ್ಮೆ ಕುರ್ಚಿಯನ್ನೂ ಒಮ್ಮೆ ಚೀಲವನ್ನೂ ನೋಡುತ್ತಿದ್ದ.

“ಬುಧವಾರದಿಂದ ಎಷ್ಟು ಆರ್ಡರ್ ಬಂದಾವ ತಮ್ಮಾ?” ಎಂದಳು ಕಾಶಿಬಾಯಿ.

“ಹದಿನೆಂಟು ಬಂದಾವ್ರಿ ಅಕ್ಕಾರ. ಹದಿನೇಳು ನೆಟ್ಟಗದಾವ.”

“ನಾ ಫೋನಿನಾಗ ತಗೊಂಡಿದ್ರ ಇಷ್ಟು ಬರ್ತಿರಲಿಲ್ಲ. ಮಷಿನ್ ಛಲೋ ಐತಿ. ಒತ್ತಾಯ ಮಾಡೂದು ಅಷ್ಟ ಬಿಡಸು.”

ಅತೀಕ ಕೂತಲ್ಲೇ ಅದನ್ನು ಬದಲಾಯಿಸಿದ. “ಆತ್ರಿ. ಇನ್ನ ಮ್ಯಾಲ ಒಂದ ಸಲ ಕೇಳತೈತಿ. ಬಂದ ಉತ್ರ ನಂಬತೈತಿ. ಮುಗೀತು.”

“ಕೇಳಿದ್ರ್ಯಾ ಎಲ್ಲಾರೂ?” ಎಂದು ಕಾಶಿಬಾಯಿ ಸುತ್ತ ನೋಡಿದಳು. “ಈ ಕೇಂದ್ರದಾಗ ಇನ್ನ ಮ್ಯಾಲ ಇದ ಕಾಯಿದೆ. ಒಂದ ಸಲ ಕೇಳೂದು. ಒಪ್ಪಿಗಿ ಐತಿಲ್ಲೋ?”

ಎಲ್ಲರಿಗಿಂತ ಮೊದಲು ಒಪ್ಪಿದವನು ಶಿವಯೋಗೆಪ್ಪ. ಒಪ್ಪಿದ್ದಷ್ಟೇ ಅಲ್ಲ, ಹೆಂಡತಿಯ ಮನಸ್ಸು ತನ್ನ ಕಡೆ ವಾಲುತ್ತಿದೆಯೆಂಬ ಉಮೇದಿನಲ್ಲಿ ಎದೆಯೆತ್ತಿ ಪ್ರಕಟಿಸಿಯೇಬಿಟ್ಟ.

“ಗಮನಿಸಿ. ಇನ್ನು ಮುಂದೆ ಒಂದೇ ಸಲ ಕೇಳಲಾಗುವುದು. ಬಂದ ಉತ್ತರವನ್ನು ನಂಬಲಾಗುವುದು.”

ಓಣಿಯ ಕೊನೆಯವರೆಗೂ ಕೇಳಿಸಿತು. ಕಾಶಿಬಾಯಿ ತಲೆಯಾಡಿಸಿದಳು. ಆಮೇಲೆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಅವನ ಕಡೆ ತಿರುಗಿ, ಮೂವತ್ತೈದು ವರ್ಷದ ಸಂಸಾರದಲ್ಲಿ ಅವನು ಅಪರೂಪಕ್ಕೆ ಕೇಳಿದ್ದ ಮೆತ್ತಗಿನ ದನಿಯಲ್ಲಿ ಹೇಳಿದಳು.

“ಮಷಿನ್ ತಂದವರು ನೀವು. ಗದ್ದಲ ಆತು, ಖರೆ. ಆದ್ರ ಹದಿನೇಳು ನೆಟ್ಟಗ ಬಂದಾವ. ಬರ್ರಿ, ಕುರ್ಚಿ ಮ್ಯಾಲ ಕುಂಡರ್ರಿ.”

ಇದು ಶಿವಯೋಗೆಪ್ಪ ಎರಡು ವರ್ಷ ಕಾದ ಮಾತು. ಓಡಿಹೋಗಿ ಕೂತುಬಿಡಬೇಕೆಂದು ಕಾಲು ಎಳೆಯಿತು. ಆದರೆ ಇಷ್ಟು ಮಂದಿಯ ಮುಂದೆ, ಕರೆದ ಕೂಡಲೇ ಹೋಗಿ ಕೂತರೆ ಏನಂದಾರು? ಮೈಯಲ್ಲಿ ಹರಿಯುವ ರೀತಿ ಎಲ್ಲಿಗೆ ಹೋಗುತ್ತದೆ. ಅವನು ತಲೆ ತಗ್ಗಿಸಿ, ಕೈ ಬೀಸಿ, ನಾಚಿ ನಕ್ಕ.

“ಏ, ನನಗ್ಯಾಕ ಕುರ್ಚಿ. ಒಲ್ಲೆ.”

“ಹೂಂ” ಎಂದಳು ಕಾಶಿಬಾಯಿ. ಸೆರಗು ಸರಿಮಾಡಿಕೊಂಡು ತಾನೇ ಕೂತು ಮೊಬೈಲು ಕೈಗೆತ್ತಿಕೊಂಡಳು.

ಪಡಸಾಲೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಶಿವಯೋಗೆಪ್ಪ ನಗುವನ್ನು ಹಾಗೇ ಮುಖದ ಮೇಲೆ ಇಟ್ಟುಕೊಂಡು ಎರಡನೇ ಸಲದ ಕರೆಗಾಗಿ ನಿಂತ. ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ನಿಂತ. ಕೆಮ್ಮಿ ನೋಡಿದ. ಅತೀಕ ಚಹಾ ಕುಡಿದು, ಎಲ್ಲರಿಗೂ ಹೇಳಿ, ಬಸ್ಸು ಹತ್ತಲು ಹೋದ. ಅರ್ಧ ತಾಸಾದರೂ ಯಾರೂ ಕೇಳಲಿಲ್ಲ.

ಹನಮವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ತಲೆಯೆತ್ತದೆ ಹೇಳಿದಳು.

“ಯಪ್ಪಾ, ಹೊತ್ತಾತು. ಗಿರಣ್ಯಾಗ ಪಾಳಿ ತಪ್ಪತೈತಿ.”

ಶಿವಯೋಗೆಪ್ಪ ಚೀಲ ಎತ್ತಿ ಹೆಗಲಿಗೇರಿಸಿಕೊಂಡ.